ಗಡಿ ಹುಟ್ಟಿಸಿದ ಊರು ಕ್ಯಾಸಲ್‌ರಾಕ್

ಹುಬ್ಬಳ್ಳಿಯಿಂದ ಗೋವಾದ ಕಡೆಗೆ ನೀವು ಒಮ್ಮೆಯಾದರೂ ರೈಲಿನಲ್ಲಿ ಹೋಗಿದ್ದರೆ ಕ್ಯಾಸಲ್‌ರಾಕ್ ಎಂಬ ಊರನ್ನು ದಾಟಿಯೇ ಹೋಗಿದ್ದೀರಿ. ಬಹುಶಃ ನಿದ್ರೆಯಲ್ಲಿದ್ದಿರಿ. ಅಥವಾ ಮಕ್ಕಳಿಗೆ ಬುತ್ತಿ ಬಿಚ್ಚಿ ಕೊಡುತ್ತಿದ್ದಿರಿ. ರೈಲು ಯಾಕೋ ಬಹಳ ಹೊತ್ತು ನಿಂತಿತು, ಹಿಂದೆ ಏನೋ ಧಡ್ ಎಂದು ತಾಗಿದ ಸದ್ದಾಯಿತು, ಆಮೇಲೆ ಗಾಡಿ ನಿಧಾನವಾಗಿ ಹೊರಟಿತು ಎಂಬಷ್ಟು ನೆನಪಿದ್ದರೆ, ಅದೇ ಕ್ಯಾಸಲ್‌ರಾಕ್.

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಪಶ್ಚಿಮದ ಅಂಚಿನಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ ಕುಳಿತಿರುವ ಪುಟ್ಟ ಊರು ಇದು. ಸುತ್ತ ಕಾಡು, ನಡುವೆ ರೈಲು ನಿಲ್ದಾಣ, ನಿಲ್ದಾಣದ ಆಸುಪಾಸಿನಲ್ಲಿ ಮನೆಗಳು. ಇಲ್ಲಿ ದೊಡ್ಡ ಪೇಟೆಯಿಲ್ಲ, ಪ್ರಸಿದ್ಧ ಕ್ಷೇತ್ರವಿಲ್ಲ, ರಾಜಮನೆತನದ ಅರಮನೆಯಿಲ್ಲ. ಹಾಗಿದ್ದರೂ ಇದರ ಚರಿತ್ರೆಯನ್ನು ಬಿಡಿಸುತ್ತಾ ಹೋದರೆ ಹೈದರಲಿಯಿಂದ ಹಿಡಿದು ಪೋರ್ಚುಗೀಸರವರೆಗೆ, ಅಡುಗೆಮನೆಯ ಉಪ್ಪಿನಿಂದ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಎಲ್ಲವೂ ಬಂದು ಸೇರುತ್ತವೆ. ಮನುಷ್ಯರು ಎಳೆದ ಒಂದು ಗೆರೆಯಿಂದ ಹುಟ್ಟಿದ ಊರು ಇದು. ಆ ಗೆರೆ ಅಳಿಸಿ ಅರುವತ್ತು ವರ್ಷಗಳ ಮೇಲಾಯಿತು. ಊರು ಮಾತ್ರ ಇನ್ನೂ ಅಲ್ಲೇ ಇದೆ. ಬನ್ನಿ, ಅದರ ಪರಿಚಯ ಮಾಡಿಕೊಳ್ಳೋಣ.

ದಾರಿ ಮತ್ತು ನೆಲ

ದಾಂಡೇಲಿಯಿಂದ ಹೊರಟವರು ಜಗಲಬೇಟ್, ರಾಮನಗರ ಮಾರ್ಗವಾಗಿ ಹೋಗಬೇಕು. ರಾಮನಗರ ದಾಟಿ ತಿನೈಘಾಟ್ ಆದ ಮೇಲೆ ಗೋವಾ ಹೆದ್ದಾರಿಯನ್ನು ಬಿಟ್ಟು ಕಾಡಿನ ರಸ್ತೆಗೆ ತಿರುಗಬೇಕು. ರೈಲಿನಲ್ಲಾದರೆ ಹುಬ್ಬಳ್ಳಿ, ಧಾರವಾಡ, ಅಳ್ನಾವರ, ಲೋಂಡಾ, ತಿನೈಘಾಟ್, ಆಮೇಲೆ ಕ್ಯಾಸಲ್‌ರಾಕ್. ಅಳ್ನಾವರದವರೆಗೆ ಕಣ್ಣಿಗೆ ಬಯಲು, ಹೊಲಗಳು. ಲೋಂಡಾ ಬರುತ್ತಿದ್ದಂತೆ ಮರಗಳು ಹಳಿಯ ಹತ್ತಿರ ಬರುತ್ತವೆ. ಕ್ಯಾಸಲ್‌ರಾಕ್ ತಲುಪುವಾಗ ಕಾಡೇ ಎಲ್ಲ ಕಡೆ.

ದಾರಿಯಲ್ಲಿ ಸಿಗುವ ರಾಮನಗರದ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಜೋಯಿಡಾ ತಾಲೂಕಿಗೆ ಹಿಂದೆ ಸೂಪಾ ತಾಲೂಕು ಎಂದು ಹೆಸರಿತ್ತು. ಕಾಳಿ ನದಿಯ ದಡದಲ್ಲಿದ್ದ ಸೂಪಾ ಅದರ ಕೇಂದ್ರ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1980ರ ದಶಕದಲ್ಲಿ ಮುಗಿದಾಗ ಆ ಊರು, ಅದರ ಮನೆ, ಅಂಗಡಿ, ಅಂಗಳಗಳೊಂದಿಗೆ ನೀರಿನಡಿ ಸೇರಿತು. ಮನೆ ಕಳೆದುಕೊಂಡ ಅನೇಕರಿಗೆ ನೆಲೆಯಾದದ್ದು ರಾಮನಗರ. ಇಂದು ನಮ್ಮ ಮನೆಗಳಲ್ಲಿ ಮಿಕ್ಸಿ ತಿರುಗುವಾಗ, ಫ್ಯಾನು ಸುತ್ತುವಾಗ ಅದರಲ್ಲಿ ಆ ಮುಳುಗಿದ ಊರಿನ ಪಾಲೂ ಇದೆ. ಜೋಯಿಡಾ ತಾಲೂಕಿನಲ್ಲಿ ಊರುಗಳು ಹುಟ್ಟಿದ್ದೂ, ಮುಳುಗಿದ್ದೂ ಹೆಚ್ಚಾಗಿ ಹೊರಗಿನವರ ಅಗತ್ಯಕ್ಕಾಗಿಯೇ. ಸೂಪಾ ಮುಳುಗಿದ ಊರಾದರೆ ಕ್ಯಾಸಲ್‌ರಾಕ್ ಹುಟ್ಟಿದ ಊರು.

ಇನ್ನು ಊರಿನ ಹೆಸರು. ಇದು ಕನ್ನಡವಲ್ಲ, ಕೊಂಕಣಿಯಲ್ಲ, ಮರಾಠಿಯೂ ಅಲ್ಲ. ಇಲ್ಲಿನ ಬಂಡೆಯ ಗುಡ್ಡವೊಂದು ಕೋಟೆಯಂತೆ ಕಂಡದ್ದರಿಂದ ಬ್ರಿಟಿಷರು 'ಕೋಟೆಬಂಡೆ' ಎಂಬರ್ಥದ ತಮ್ಮ ಭಾಷೆಯ ಹೆಸರಿಟ್ಟರು ಎಂದು ಹೇಳುತ್ತಾರೆ. ಸುತ್ತಲಿನ ಹಳ್ಳಿಗಳಿಗೆ ಕುವೇಶಿ, ಡಿಗ್ಗಿ, ಅನಮೋಡ ಎಂಬ ನೆಲದ ಹೆಸರುಗಳಿವೆ. ಅವು ರೈಲಿಗಿಂತ ಹಳೆಯವು. ಕ್ಯಾಸಲ್‌ರಾಕ್ ಮಾತ್ರ ರೈಲಿನ ಜೊತೆಯಲ್ಲೇ ಬಂದ ಹೆಸರು.

ಈ ಊರಿನ ಮಳೆಯನ್ನು ಹೇಳದೆ ಇದರ ಭೂಗೋಳ ಮುಗಿಯದು. ಜೂನ್ ಬಂತೆಂದರೆ ಹವಾಮಾನ ವರದಿಯಲ್ಲಿ, ರಾಜ್ಯದಲ್ಲಿ ಹೆಚ್ಚು ಮಳೆಯಾದ ಸ್ಥಳಗಳ ಪಟ್ಟಿಯಲ್ಲಿ ಕ್ಯಾಸಲ್‌ರಾಕ್ ಹೆಸರು ಮತ್ತೆ ಮತ್ತೆ ಬರುತ್ತದೆ. ಸಮುದ್ರದಿಂದ ಬಂದ ಮೋಡಗಳು ಮೊದಲು ತಡೆಯುವುದೇ ಈ ಗೋಡೆಗೆ. ಇನ್ನೊಂದು ಸ್ವಾರಸ್ಯವಿದೆ. ಇಲ್ಲಿನ ಘಟ್ಟದ ನೆತ್ತಿ ನೀರನ್ನು ಎರಡು ಪಾಲು ಮಾಡುತ್ತದೆ. ಪೂರ್ವದ ಕಡೆ ಬಿದ್ದ ಹನಿ ಹಳ್ಳಗಳ ಮೂಲಕ ಕಾಳಿ ನದಿಗೆ ಸೇರಿ, ಕಾರವಾರದಲ್ಲಿ ಸಮುದ್ರ ಕಾಣುತ್ತದೆ. ಪಶ್ಚಿಮಕ್ಕೆ ಬಿದ್ದ ಹನಿ ದೂಧ್‌ಸಾಗರದ ಕಡೆ ಧುಮುಕಿ, ಮಾಂಡವಿಗೆ ಸೇರಿ, ಪಣಜಿಯಲ್ಲಿ ಸಮುದ್ರ ಕಾಣುತ್ತದೆ. ಎರಡೂ ಒಂದೇ ಅರಬ್ಬಿ ಸಮುದ್ರ. ಒಂದೇ ಮೋಡದಿಂದ ಬಿದ್ದು, ಬೇರೆ ಬೇರೆ ದಾರಿ ಹಿಡಿದು, ಒಂದೇ ಕಡೆ ಸೇರುವ ನೀರಿದು. ಇದೇ ನೆತ್ತಿಯ ಮೇಲೆ ಎರಡು ಸಾಮ್ರಾಜ್ಯಗಳು ತಮ್ಮ ಗಡಿಯನ್ನು ಎಳೆದವು.

ಗಡಿ ಇಲ್ಲಿಗೇ ಏಕೆ ಬಂತು?

ಗೋವಾ ಎಂದರೆ ಪೋರ್ಚುಗೀಸರದ್ದು, ಈಚೆ ಬ್ರಿಟಿಷರದ್ದು ಎಂದು ನಾವು ಶಾಲೆಯಲ್ಲಿ ಓದುತ್ತೇವೆ. ಆದರೆ ಗಡಿ ಘಟ್ಟದ ನೆತ್ತಿಯ ಮೇಲೇ ಏಕೆ ನಿಂತಿತು ಎಂಬುದನ್ನು ಪಾಠಪುಸ್ತಕ ಹೇಳುವುದಿಲ್ಲ.

1510ರಲ್ಲಿ ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾ ನಗರವನ್ನು ಕಿತ್ತುಕೊಂಡ. ಆದರೆ ಆಗ ಪೋರ್ಚುಗೀಸರ ಕೈಗೆ ಬಂದದ್ದು ಕರಾವಳಿಯ ತುಂಡು ನೆಲ ಮಾತ್ರ. ಘಟ್ಟದ ಬುಡದವರೆಗಿನ ಒಳನಾಡು ಎರಡೂವರೆ ಶತಮಾನಗಳ ಕಾಲ ಅವರದಾಗಿರಲಿಲ್ಲ. ಅದರಲ್ಲಿ ಬಹುಭಾಗ ಸೋದೆಯ ಅರಸರ ಕೈಯಲ್ಲಿತ್ತು. ಶಿರಸಿಯ ಹತ್ತಿರದ ಸೋದೆಯ ರಾಜ್ಯ ಘಟ್ಟದ ಮೇಲೂ ಇತ್ತು, ಕೆಳಗೂ ಇತ್ತು.

1763ರಲ್ಲಿ ಹೈದರಲಿ ಬಿದನೂರನ್ನು ಗೆದ್ದ. ಅದರ ಹಿಂದೆಯೇ ಅವನ ಸೈನ್ಯ ಸೋದೆಯ ಮೇಲೆ ಬಂತು. ಸೋದೆಯ ಅರಸ ಸವಾಯಿ ಇಮ್ಮಡಿ ಸದಾಶಿವ ಘಟ್ಟ ಇಳಿದು ಪೋರ್ಚುಗೀಸರ ಆಶ್ರಯ ಬೇಡಿದ. ಫೋಂಡಾದ ಬಳಿ ಬಾಂದೋಡೆಯಲ್ಲಿ ನೆಲೆಸಿದ. ಅವನ ರಾಜ್ಯದ ಘಟ್ಟದ ಕೆಳಗಿನ ಪ್ರದೇಶಗಳು ಪೋರ್ಚುಗೀಸರ ಪಾಲಾದವು. ಘಟ್ಟದ ಮೇಲಿನದು ಹೈದರಲಿಯ ಪಾಲಾಯಿತು. 1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಅದು ಬ್ರಿಟಿಷರ ಕೈಸೇರಿತು. ಒಂದೇ ಅರಸನ ಕೈಕೆಳಗಿದ್ದ ನೆಲ ಹೀಗೆ ಮೇಲೆ-ಕೆಳಗೆ ಎಂದು ಎರಡಾಯಿತು.

ನಮ್ಮ ಮಕ್ಕಳು ನಕ್ಷೆಯಲ್ಲಿ ನೋಡುವ ಕರ್ನಾಟಕ-ಗೋವಾ ಗಡಿಯಲ್ಲಿ ಆ ಹಳೆಯ ಯುದ್ಧದ ಗುರುತು ಇಂದಿಗೂ ಇದೆ. ಆದರೆ ಆಗಿನ್ನೂ ಕ್ಯಾಸಲ್‌ರಾಕ್ ಎಂಬ ಊರು ಇರಲಿಲ್ಲ. ಗಡಿ ಇತ್ತು, ಕಾಡಿತ್ತು. ಕಾಡಿನ ದಾರಿಗಳಲ್ಲಿ ಎತ್ತುಗಳ ಮೇಲೆ ಹೇರು ಹೊರಿಸಿಕೊಂಡು ಘಟ್ಟ ಹತ್ತಿ ಇಳಿಯುವ ಲಂಬಾಣಿ ವ್ಯಾಪಾರಿಗಳಿದ್ದರು. ಮೇಲಿನಿಂದ ಕೆಳಗೆ ಧಾನ್ಯ ಹೋಗುತ್ತಿತ್ತು. ಕೆಳಗಿನಿಂದ ಮೇಲೆ ಬರುತ್ತಿದ್ದ ಮುಖ್ಯ ಸರಕು ಉಪ್ಪು.

ಉಪ್ಪಿನಿಂದ ಬಂದ ರೈಲು

ದಿನಕ್ಕೆ ಮೂರು ಹೊತ್ತು ಒಲೆಯ ಮುಂದೆ ನಿಲ್ಲುವ ನಮಗೆ ಉಪ್ಪು ಎಂದರೆ ಚಿಟಿಕೆಯ ವಿಷಯ. ಬ್ರಿಟಿಷರಿಗೆ ಅದು ಖಜಾನೆಯ ವಿಷಯ. ಅವರು ಉಪ್ಪಿಗೆ ಭಾರೀ ತೆರಿಗೆ ಹಾಕಿದ್ದರು. ಗೋವಾದ ಉಪ್ಪಿನ ಗದ್ದೆಗಳಲ್ಲಿ ತಯಾರಾದ ಅಗ್ಗದ ಉಪ್ಪು ಘಟ್ಟ ಹತ್ತಿ ಬಂದರೆ ಅವರ ತೆರಿಗೆಗೆ ಪೆಟ್ಟು.

ಇದೇ ಹೊತ್ತಿಗೆ, 1876ರಿಂದ 1878ರವರೆಗೆ, ದಕ್ಷಿಣ ಭಾರತವನ್ನು ಭೀಕರ ಬರ ಹಿಡಿಯಿತು. ಧಾತು ಸಂವತ್ಸರದಲ್ಲಿ ಶುರುವಾದ ಆ ಬರದಲ್ಲಿ ಬಳ್ಳಾರಿ, ಧಾರವಾಡ, ವಿಜಾಪುರದ ಸೀಮೆಯಲ್ಲಿ ಜನ ಹುಳುಗಳಂತೆ ಸತ್ತರು. ಬೇರೆಡೆ ಧಾನ್ಯವಿದ್ದರೂ ಒಳನಾಡಿಗೆ ತರಲು ರೈಲು ಇರಲಿಲ್ಲ. ಬರದ ಪಾಠದಿಂದಲೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ ಹುಟ್ಟಿತು. ಧಾರವಾಡ ಸೀಮೆಯ ಹತ್ತಿಯನ್ನು ಹತ್ತಿರದ ಬಂದರಿಗೆ ಸಾಗಿಸಬೇಕೆಂಬ ವ್ಯಾಪಾರಿಗಳ ಆಸೆಯೂ ಅದರೊಂದಿಗೆ ಸೇರಿತ್ತು. ಆ ಬಂದರು ಗೋವಾದ ಮುರಗಾಂವ.

1878ರ ಡಿಸೆಂಬರ್‌ನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ನಡುವೆ ಒಂದು ಒಪ್ಪಂದವಾಯಿತು. ಅದರ ಪ್ರಕಾರ ಬ್ರಿಟಿಷ್ ಭಾರತಕ್ಕೂ ಗೋವಾಕ್ಕೂ ನಡುವಿನ ಸುಂಕದ ಕಟ್ಟೆ ಇಲ್ಲದಾಯಿತು. ಗೋವಾದ ಉಪ್ಪಿನ ತಯಾರಿಕೆಯ ಹಿಡಿತ ಬ್ರಿಟಿಷರ ಕೈಗೆ ಹೋಯಿತು. ಪ್ರತಿಯಾಗಿ ಗೋವಾ ಸರಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ. ಜೊತೆಗೆ ಮುರಗಾಂವದಿಂದ ಬ್ರಿಟಿಷ್ ಗಡಿಯವರೆಗೆ ರೈಲುಹಾದಿ. ಗೋವಾದ ಉಪ್ಪಿನ ಗದ್ದೆಗಳನ್ನೇ ನಂಬಿದ್ದ ಬಡ ಕುಟುಂಬಗಳನ್ನು ಯಾರೂ ಕೇಳಲಿಲ್ಲ. ಎರಡು ರಾಜಧಾನಿಗಳು ಸಹಿ ಹಾಕಿದವು, ಅಷ್ಟೆ.

ಗೋವಾದ ಕಡೆಯ ಹಾದಿಯನ್ನು ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಎಂಬ ಕಂಪನಿ ಹಾಕಿತು. ಈಚೆಯ ಹಾದಿ ಸದರ್ನ್ ಮರಾಠಾ ರೈಲ್ವೆಯದು. ಎರಡೂ ಬಂದು ಕೈಕುಲುಕಿದ ಜಾಗವೇ ಕ್ಯಾಸಲ್‌ರಾಕ್. 1888ರಲ್ಲಿ ಬಂದರಿನಿಂದ ಇಲ್ಲಿಯವರೆಗಿನ ಮೀಟರ್‌ಗೇಜ್ ಹಾದಿ ಸಿದ್ಧವಾಯಿತು. ಕಾಡಿನ ನಡುವೆ ನಿಲ್ದಾಣ ಬಂತು, ನೌಕರರಿಗೆ ಮನೆಗಳು ಬಂದವು, ಕಲ್ಲಿದ್ದಲು, ನೀರು, ಗೋದಾಮು, ಕೂಲಿಗಳು ಬಂದರು. ಒಂದು ಊರು ಎದ್ದು ನಿಂತಿತು.

ಸುಂಕವಿಲ್ಲದ ಕಾಲ ಬಹಳ ದಿನ ನಡೆಯಲಿಲ್ಲ. 1892ರಲ್ಲಿ ಆ ಒಪ್ಪಂದ ಕೊನೆಗೊಂಡಿತು. ಗಡಿಯ ಎರಡೂ ಕಡೆ ಮತ್ತೆ ಸುಂಕದ ಕಟ್ಟೆಗಳು ಬಂದವು. ಬ್ರಿಟಿಷರ ಕಡೆ ಕ್ಯಾಸಲ್‌ರಾಕ್‌ನಲ್ಲಿ, ಪೋರ್ಚುಗೀಸರ ಕಡೆ ಘಟ್ಟದ ಬುಡದ ಕುಳೆ ನಿಲ್ದಾಣದಲ್ಲಿ. ಒಂದೇ ಪಯಣದಲ್ಲಿ ಎರಡು ಸಲ ಪೆಟ್ಟಿಗೆ ಬಿಚ್ಚಬೇಕು. ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೊರಟ ಗೋವಾದ ಬಡವರು, ತವರಿಗೆ ಮರಳುವ ಹೆಣ್ಣುಮಕ್ಕಳು, ವ್ಯಾಪಾರಿಗಳು, ಯಾತ್ರಿಕರು, ಎಲ್ಲರೂ ತಮ್ಮ ಗಂಟುಮೂಟೆಯನ್ನು ಅಧಿಕಾರಿಯ ಮುಂದೆ ಹರಡಲೇಬೇಕಿತ್ತು. ತಾಯಂದಿರು ಮಗಳ ಮದುವೆಗೆಂದು ಜೋಡಿಸಿದ ಬಟ್ಟೆಬರೆ, ಆಭರಣಗಳನ್ನು ಪರರ ಕಣ್ಣೆದುರು ಬಿಚ್ಚಿಡುವುದು ಎಷ್ಟು ಸಂಕೋಚದ ಕೆಲಸವೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

37 ಅಡಿಗೆ ಒಂದು ಅಡಿ

ಕ್ಯಾಸಲ್‌ರಾಕ್‌ನಿಂದ ಕುಳೆಯವರೆಗಿನ ಘಟ್ಟದ ಹಾದಿ ಸುಮಾರು 26 ಕಿ.ಮೀ. ನಡುವೆ ಕರಂಜೋಳ, ದೂಧ್‌ಸಾಗರ, ಸೋನಾವಳಿ ಎಂಬ ಪುಟ್ಟ ನಿಲ್ದಾಣಗಳು. ಹತ್ತಕ್ಕೂ ಹೆಚ್ಚು ಸುರಂಗಗಳು. ಇಳಿಜಾರಿನ ಪ್ರಮಾಣ 37ಕ್ಕೆ 1. ಅಂದರೆ 37 ಅಡಿ ಮುಂದೆ ಹೋಗುವಷ್ಟರಲ್ಲಿ ಗಾಡಿ ಒಂದು ಅಡಿ ಇಳಿದಿರುತ್ತದೆ. ಮನೆಯ ಮೆಟ್ಟಿಲಿಗೆ ಹೋಲಿಸಿದರೆ ಇದೇನು ಮಹಾ ಎನಿಸಬಹುದು. ಆದರೆ ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ, ಅದೂ ಮಳೆಯಲ್ಲಿ ತೊಯ್ದ ಹಳಿಯ ಮೇಲೆ, ಎಷ್ಟು ಸುಲಭವಾಗಿ ಜಾರುತ್ತದೆಂದು ಯೋಚಿಸಿ. ಭಾರತದ ಕಡಿದಾದ ರೈಲು ಘಟ್ಟಗಳಲ್ಲಿ ಇದೂ ಒಂದು.

ಅದಕ್ಕೇ ಇಲ್ಲಿ ಹೆಚ್ಚಿನ ಇಂಜಿನ್‌ಗಳು ಬೇಕು. ಘಟ್ಟ ಹತ್ತುವ ಗಾಡಿಯನ್ನು ಹಿಂದಿನಿಂದ ಇವು ತಳ್ಳುತ್ತವೆ. ಇಳಿಯುವ ಗಾಡಿಯನ್ನು ಹಿಂದೆ ಹಿಡಿದೆಳೆದು ವೇಗ ತಡೆಯುತ್ತವೆ. ರೈಲ್ವೆಯವರು ಇವನ್ನು 'ಬ್ಯಾಂಕರ್' ಎನ್ನುತ್ತಾರೆ. ನೀವು ನಿದ್ದೆಯಲ್ಲಿ ಕೇಳಿದ ಆ ಧಡ್ ಸದ್ದು ಇವು ಜೋಡಿಸಿಕೊಂಡಾಗಿನದ್ದು. ಇಳಿಯುವ ಮೊದಲು ಬ್ರೇಕುಗಳನ್ನು ಪರೀಕ್ಷಿಸಿಯೇ ಮುಂದೆ ಬಿಡುತ್ತಾರೆ. ರೈಲು ಸುಮ್ಮನೆ ನಿಂತಿದೆ ಎಂದು ನಾವು ಗೊಣಗುವ ಆ ಹೊತ್ತಿನಲ್ಲಿ ನಮ್ಮ ಜೀವ ಕಾಯುವ ಕೆಲಸ ನಡೆಯುತ್ತಿರುತ್ತದೆ.

ಊರಿನ ಹಳೆಯ ಮನೆಯೊಂದರಲ್ಲಿ ನಾನು ಭೇಟಿಯಾದ ವೃದ್ಧ ತಾಯಿಯೊಬ್ಬರ ಪತಿ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಮಳೆಗಾಲದ ರಾತ್ರಿಗಳಲ್ಲಿ ಗುಡ್ಡ ಕುಸಿದಿದೆಯೋ, ಮರ ಬಿದ್ದಿದೆಯೋ ಎಂದು ಹಳಿಯುದ್ದಕ್ಕೂ ನಡೆದು ನೋಡುವುದು ಅವರ ಕೆಲಸ. ಕೈಯಲ್ಲಿ ಲಾಂದ್ರ, ಬೆನ್ನ ಮೇಲೆ ಅಪಾಯದ ಸೂಚನೆ ಕೊಡುವ ಪಟಾಕಿಗಳ ಚೀಲ, ತಲೆಯ ಮೇಲೆ ಕಂಬಳಿಯ ಕೊಪ್ಪೆ.

"ಗಡಿಯಾರ ಇರಲಿಲ್ಲ ಬೇಟಾ, ಗಾಡಿಗಳೇ ಗಡಿಯಾರ" ಎಂದರು ಆ ತಾಯಿ. "ಒಂದು ಗಾಡಿ ಹೋಯ್ತು ಅಂದ್ರೆ ಅವರು ಅಲ್ಲೀವರೆಗೆ ದಾರಿ ಸರಿ ಐತಿ ಅಂತ ನೋಡ್ಯಾರ ಅಂತ ಅರ್ಥ. ಗಾಡಿ ತಡ ಆದ್ರೆ ನನ್ನ ಕೈಕಾಲು ತಣ್ಣಗಾಗ್ತಿತ್ತು. ಮಕ್ಕಳು ಮಲಗಿರೋರು. ನಾನು ಒಲೆಯಲ್ಲಿ ಕೆಂಡ ಉಳಿಸಿಕೊಂಡು ಕೂತಿರೋಳು. ಬಂದ ಕೂಡಲೇ ಅವರಿಗೆ ಬಿಸಿ ಚಾ ಬೇಕಲ್ಲ."

ಚರಿತ್ರೆಯ ಪುಸ್ತಕಗಳಲ್ಲಿ ಕಂಪನಿಗಳ ಹೆಸರಿದೆ, ಒಪ್ಪಂದಗಳ ತಾರೀಕಿದೆ. ಒಲೆಯಲ್ಲಿ ಕೆಂಡ ಉಳಿಸಿಕೊಂಡು ಕೂತವರ ಲೆಕ್ಕ ಎಲ್ಲಿಯೂ ಇಲ್ಲ. ಆದರೆ ಈ ಘಟ್ಟದ ರೈಲು ಅಂಥ ಮನೆಗಳ ಬಲದ ಮೇಲೆ ಓಡಿದೆ. ಇಂದಿಗೂ ಓಡುತ್ತಿದೆ. 2021ರ ಜುಲೈಯಲ್ಲಿ ದೂಧ್‌ಸಾಗರ ಮತ್ತು ಸೋನಾವಳಿ ನಡುವೆ ಗುಡ್ಡ ಕುಸಿದು ಪ್ರಯಾಣಿಕರ ರೈಲೊಂದು ಹಳಿ ತಪ್ಪಿತು. ಹಾದಿ ಕಾಯುವವರ ಕೆಲಸ ಯಂತ್ರಗಳು ಬಂದ ಮೇಲೂ ಹಗುರವಾಗಿಲ್ಲ.

ರೈಲು ನಿಂತ ವರ್ಷಗಳು

1947ರಲ್ಲಿ ಭಾರತ ಸ್ವತಂತ್ರವಾಯಿತು. ಆದರೆ ಕ್ಯಾಸಲ್‌ರಾಕ್‌ನ ಆಚೆಯ ಗುಡ್ಡ ಸ್ವತಂತ್ರವಾಗಲಿಲ್ಲ. ಬ್ರಿಟಿಷರು ಹೋದರು, ಪೋರ್ಚುಗೀಸರು ಹೋಗಲಿಲ್ಲ. ಎರಡು ಸಾಮ್ರಾಜ್ಯಗಳ ನಡುವಿನ ಗಡಿ ಈಗ ಭಾರತದ ಅಂತರರಾಷ್ಟ್ರೀಯ ಗಡಿಯಾಯಿತು.

ಅದಕ್ಕೆ ಒಂದು ವರ್ಷ ಮೊದಲೇ ಈ ಹಾದಿ ಸ್ವಾತಂತ್ರ್ಯ ಚಳವಳಿಯನ್ನು ಕಂಡಿತ್ತು. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಮಡಗಾಂವದಲ್ಲಿ ಭಾಷಣ ಮಾಡಲು ನಿಂತು ಬಂಧಿತರಾದರು. ಗೋವಾದಿಂದ ಹೊರಹಾಕಿದ ಮೇಲೂ ಅವರು ಸುಮ್ಮನಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮತ್ತೆ ರೈಲು ಹತ್ತಿ ಬಂದರು. ಘಟ್ಟ ಇಳಿದ ಕೂಡಲೇ ಕುಳೆ ನಿಲ್ದಾಣದಲ್ಲಿ ಪೋರ್ಚುಗೀಸ್ ಪೊಲೀಸರು ಅವರನ್ನು ಹಿಡಿದರು. ಆಗ್ವಾದ ಕೋಟೆಯ ಸೆರೆಮನೆಗೆ ಹಾಕಿದರು.

1955ರ ಆಗಸ್ಟ್ 15ರಂದು ದೇಶದ ನಾನಾ ಭಾಗಗಳಿಂದ ಬಂದ ನಿರಾಯುಧ ಸತ್ಯಾಗ್ರಹಿಗಳು ಗಡಿಯ ಹಲವು ಕಡೆಗಳಿಂದ ಗೋವಾದೊಳಗೆ ನಡೆದರು. ಕ್ಯಾಸಲ್‌ರಾಕ್ ಅವುಗಳಲ್ಲಿ ಒಂದು. ಪೋರ್ಚುಗೀಸರು ಗುಂಡು ಹಾರಿಸಿದರು. ಗಡಿಯುದ್ದಕ್ಕೂ ಆ ಒಂದೇ ದಿನ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಅದಾದ ಮೇಲೆ ಭಾರತ ಸರಕಾರ ಗಡಿಯನ್ನು ಮುಚ್ಚಿತು. ಘಟ್ಟದ ರೈಲು ನಿಂತುಹೋಯಿತು.

ರೈಲಿಗಾಗಿಯೇ ಹುಟ್ಟಿದ ಊರಿನಲ್ಲಿ ರೈಲು ನಿಂತರೆ ಏನಾಗುತ್ತದೆ? ಲೋಂಡಾದಿಂದ ಬಂದ ಹಳಿ ಕ್ಯಾಸಲ್‌ರಾಕ್‌ನಲ್ಲಿ ಮುಗಿಯಿತು. ಆಚೆ ಸುರಂಗಗಳಲ್ಲಿ ಮೌನ. ಗಡಿಯ ಎರಡೂ ಬದಿಯಲ್ಲಿ ನೆಂಟಸ್ತನ ಇದ್ದ ಕುಟುಂಬಗಳಿಗೆ ಇದು ರಾಜಕೀಯದ ಸುದ್ದಿಯಾಗಿರಲಿಲ್ಲ, ಮನೆಯ ಸಂಕಟವಾಗಿತ್ತು. ಬೆಳಗಾವಿ, ಹುಬ್ಬಳ್ಳಿ, ಕಾರವಾರದ ಕಡೆಯಿಂದ ಗೋವಾಕ್ಕೆ, ಗೋವಾದಿಂದ ಈಚೆಗೆ ಹೆಣ್ಣು ಕೊಟ್ಟು ತಂದವರು ಎಲ್ಲ ಸಮುದಾಯಗಳಲ್ಲೂ ಇದ್ದರು. ಬಾಣಂತನಕ್ಕೆ ತವರಿಗೆ ಬರಬೇಕಾದವಳಿಗೆ, ತಂದೆಯ ಕೊನೆಯ ಮುಖ ನೋಡಬೇಕಾದವಳಿಗೆ, ಗಡಿ ಎಂದರೆ ನಕ್ಷೆಯ ಗೆರೆಯಲ್ಲ.

1961ರ ಡಿಸೆಂಬರ್ 18ರಂದು ಭಾರತದ ಸೇನೆ ಗೋವಾವನ್ನು ಪ್ರವೇಶಿಸಿತು. ಒಂದು ದಳ ಇದೇ ತಾಲೂಕಿನ ಅನಮೋಡದ ಕಡೆಯಿಂದ ಘಟ್ಟ ಇಳಿಯಿತು. ಮರುದಿನ, 19ರ ಸಂಜೆ ಪೋರ್ಚುಗೀಸರು ಶರಣಾದರು. 1510ರಲ್ಲಿ ಶುರುವಾದ ಆಳ್ವಿಕೆ 451 ವರ್ಷಗಳ ನಂತರ ಎರಡು ದಿನಗಳಲ್ಲಿ ಮುಗಿಯಿತು. ಘಟ್ಟದಲ್ಲಿ ರೈಲು ಮತ್ತೆ ಓಡಿತು. ಕ್ಯಾಸಲ್‌ರಾಕ್‌ನಲ್ಲಿ ಇನ್ನು ಯಾರೂ ಪೆಟ್ಟಿಗೆ ಬಿಚ್ಚಬೇಕಾಗಿರಲಿಲ್ಲ.

ಗಡಿ ಹೋದ ಮೇಲೆ

ಗಡಿ ಹೋದದ್ದು ದೇಶಕ್ಕೆ ಸಂತೋಷದ ಸಂಗತಿ. ಆದರೆ ಗಡಿಯನ್ನೇ ಉಂಡು ಬೆಳೆದ ಊರಿಗೆ? ಸುಂಕದವರು ಹೋದರು. ಕಾವಲಿನವರು ಹೋದರು. ಉಗಿಬಂಡಿಗಳ ಕಾಲ ಮುಗಿದಾಗ ಕಲ್ಲಿದ್ದಲು ತುಂಬುವವರ, ನೀರು ಹಿಡಿಯುವವರ ಕೆಲಸ ಹೋಯಿತು. 1990ರ ದಶಕದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. ಗಾಡಿಗಳು ದೊಡ್ಡದಾದವು, ಉದ್ದವಾದವು. ಅವುಗಳಲ್ಲಿ ಹೋಗುವವರು ಹೆಚ್ಚಿದರು, ಇಲ್ಲಿ ಇಳಿಯುವವರು ಕಡಿಮೆ. ಹಳೆಯ ಕಲ್ಲಿನ ಕಟ್ಟಡಗಳ ಮೇಲೆ ಪಾಚಿ ಬೆಳೆಯುತ್ತಿದೆ.

ಊರಿನಲ್ಲಿ ಅಡ್ಡಾಡಿದರೆ ಕೊಂಕಣಿ, ಮರಾಠಿ, ಕನ್ನಡ, ಉರ್ದು ಒಂದೇ ಓಣಿಯಲ್ಲಿ ಕೇಳಿಸುತ್ತವೆ. ರೈಲ್ವೆ ಎಲ್ಲೆಲ್ಲಿಂದಲೋ ಕರೆತಂದ ಕುಟುಂಬಗಳಿವೆ. ಸುತ್ತಲಿನ ಕಾಡಿನ ಹಳ್ಳಿಗಳಲ್ಲಿ ರೈಲಿಗಿಂತ ಬಹಳ ಹಿಂದಿನಿಂದ ಇರುವ ಕುಣಬಿಗಳಿದ್ದಾರೆ, ಎಮ್ಮೆ ಸಾಕುವ ಗೌಳಿಗಳಿದ್ದಾರೆ. ಇವರಿಗೆಲ್ಲ ಆಸ್ಪತ್ರೆ, ಕಾಲೇಜು, ಸರಕಾರಿ ಕಚೇರಿ ಎಂದರೆ ದೂರದ ಪ್ರಯಾಣ. ಮಳೆಗಾಲದಲ್ಲಿ ಹೆರಿಗೆ ನೋವು ಶುರುವಾದ ಹೆಣ್ಣಿಗೆ ಆ ದೂರ ಎಷ್ಟು ಉದ್ದವೆಂದು ನಮ್ಮ ಓದುಗ ಸಹೋದರಿಯರಿಗೆ ಅರ್ಥವಾಗುತ್ತದೆ.

ಇನ್ನೊಂದು ಕಡೆ ಕಾಡು ಇದೆ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ಹೆಸರು ಬಂತು. ಕ್ಯಾಸಲ್‌ರಾಕ್‌ನ ಕಾಡು ಅದರ ಭಾಗ. ಮಂಗಟ್ಟೆ ಹಕ್ಕಿಗಳು, ಕಾಡುಕೋಣಗಳು, ಕರಿಚಿರತೆ ಇಲ್ಲಿನ ನಿವಾಸಿಗಳು. 2005ರಲ್ಲಿ ವಿಜ್ಞಾನಿಗಳು ಜಗತ್ತಿಗೆ ಪರಿಚಯಿಸಿದ ಒಂದು ಇರುಳುಗಪ್ಪೆಗೆ ಈ ಊರಿನ ಹೆಸರೇ ಇದೆ. ಯಾವ ಸಾಮ್ರಾಜ್ಯವೂ ಲೆಕ್ಕಕ್ಕೆ ತೆಗೆದುಕೊಳ್ಳದ ಜೀವಿ ಅದು. ಗಡಿ ಇದ್ದಾಗಲೂ ಆಚೆ ಈಚೆ ಹಾರಿಕೊಂಡಿತ್ತು, ಸುಂಕ ಕಟ್ಟಿರಲಿಲ್ಲ.

ಇತ್ತೀಚಿನ ದಿನಗಳಲ್ಲಿ ಕ್ಯಾಸಲ್‌ರಾಕ್ ಹೆಸರು ಮತ್ತೆ ಪತ್ರಿಕೆಗಳಲ್ಲಿ ಬಂದದ್ದು ಜೋಡಿ ಹಳಿಯ ವಿಷಯಕ್ಕೆ. ಮುರಗಾಂವ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲು ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ ಹೋಗುವುದು ಈ ಘಟ್ಟ ಹತ್ತಿಯೇ. ಒಂದು ಹಳಿ ಸಾಲದು, ಎರಡನೆಯದನ್ನು ಹಾಕಬೇಕೆಂದು ರೈಲ್ವೆ ಯೋಜನೆ ಮಾಡಿತು. ಗೋವಾದಲ್ಲಿ ಯುವಜನರು, ವಿದ್ಯಾರ್ಥಿಗಳು, ಗೃಹಿಣಿಯರು ಕಾಡು ಉಳಿಸಿ ಎಂದು ಬೀದಿಗೆ ಬಂದರು. 2021ರಲ್ಲಿ ಸುಪ್ರೀಂ ಕೋರ್ಟಿನ ತಜ್ಞರ ಸಮಿತಿ ಈ ಯೋಜನೆ ಬೇಡ ಎಂದಿತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತಿನೈಘಾಟ್, ಕ್ಯಾಸಲ್‌ರಾಕ್, ಕರಂಜೋಳದ ಭಾಗಕ್ಕೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ರದ್ದು ಮಾಡಿತು.

ಹಳಿ ಬಂದರೆ ಕೆಲಸ ಬರುತ್ತದೆ, ಅಂಗಡಿ ನಡೆಯುತ್ತದೆ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಕಾಡು ಹೋದರೆ ನದಿ ಬತ್ತುತ್ತದೆ, ಗುಡ್ಡ ಕುಸಿಯುತ್ತದೆ ಎನ್ನುವವರ ಮಾತೂ ನಿಜ. ಕಾಡನ್ನು ಉಳಿಸಿದ್ದು ಒಳ್ಳೆಯದೇ ಆಯಿತು ಎಂದು ನನ್ನ ಅನಿಸಿಕೆ. ಆದರೆ ಕಾಡನ್ನು ಕೋರ್ಟು ಕಾಯ್ದರೆ ಕಾಡಿನ ಮಧ್ಯೆ ಇರುವ ಮನುಷ್ಯರನ್ನು ಕಾಯುವ ಹೊಣೆ ಯಾರದು? ಹೈದರಲಿಯ ಕಾಲದಲ್ಲಿ ಗೆರೆ ಎಳೆದಾಗ, ಉಪ್ಪಿನ ಒಪ್ಪಂದಕ್ಕೆ ಸಹಿ ಹಾಕಿದಾಗ, ರೈಲು ನಿಲ್ಲಿಸಿದಾಗ ಈ ಬೆಟ್ಟದ ಜನರನ್ನು ಯಾರೂ ಕೇಳಲಿಲ್ಲ. ಇಂದಾದರೂ ಕೇಳಬೇಡವೇ? ಅವರು ಕೇಳುತ್ತಿರುವುದು ದೊಡ್ಡದೇನಲ್ಲ. ಹಗಲು ಹೊತ್ತಿನಲ್ಲಿ ನಿಲ್ಲುವ ಒಂದೆರಡು ಹೆಚ್ಚಿನ ಗಾಡಿ, ಮಳೆಗಾಲದಲ್ಲೂ ಸಿಗುವ ವೈದ್ಯರು, ಮಗಳು ಓದು ಮುಂದುವರಿಸಲು ಭರವಸೆಯಿಂದ ಕಳಿಸಬಹುದಾದ ಬಸ್ಸು. ಇದಕ್ಕಾಗಿ ಒಂದು ಮರವನ್ನೂ ಕಡಿಯಬೇಕಾಗಿಲ್ಲ.

ಹೋಗುವವರಿಗೆ ಕೆಲವು ಮಾತು

ಕುಟುಂಬ ಸಮೇತ ಹೋಗುವವರಿಗೆ ಮಳೆ ನಿಂತ ಮೇಲಿನ ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ದಿನಗಳು ಉತ್ತಮ. ಹಸಿರೂ ಇರುತ್ತದೆ, ದಾರಿಯೂ ಚೆನ್ನಾಗಿರುತ್ತದೆ. ಹತ್ತಿರದ ಕುವೇಶಿಯಲ್ಲಿ ಮರಗಳ ನೆತ್ತಿಯ ಎತ್ತರದಲ್ಲಿ ನಡೆದು ಕಾಡು ನೋಡಲು ಅರಣ್ಯ ಇಲಾಖೆ 2018ರಲ್ಲಿ ತೂಗುಹಾದಿಯೊಂದನ್ನು ಮಾಡಿದೆ. ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ. ಇಲ್ಲಿ ನಿಲ್ಲುವ ರೈಲುಗಳು ಕಡಿಮೆ. ಹೋಗುವ ಗಾಡಿಯ ಜೊತೆ ಮರಳುವ ಗಾಡಿಯ ಸಮಯವನ್ನೂ ತಿಳಿದುಕೊಂಡೇ ಹೊರಡಿ. ದೊಡ್ಡ ಹೋಟೆಲುಗಳಿಲ್ಲ. ರೊಟ್ಟಿ, ಪಲ್ಯ, ಮಕ್ಕಳಿಗೆ ಹಾಲು, ಕುಡಿಯುವ ನೀರು ಮನೆಯಿಂದಲೇ ಇರಲಿ. ವಯಸ್ಸಾದವರು ಜೊತೆಗಿದ್ದರೆ ಅವರ ಔಷಧ ಮರೆಯಬೇಡಿ. ಊರಲ್ಲಿ ಹುಡುಕಿದರೆ ಸಿಗುತ್ತದೆ ಎಂದು ನಂಬಿ ಹೋಗುವ ಜಾಗವಲ್ಲ.

ಮಳೆಗಾಲದಲ್ಲಿ ಹೋಗಲೇಬೇಕೆಂದಿದ್ದರೆ ಇಂಬಳಗಳ ಕಾಟವಿದೆ. ಬಟ್ಟೆಯ ಚೀಲದಲ್ಲಿ ಸ್ವಲ್ಪ ಉಪ್ಪು ಕಟ್ಟಿಟ್ಟುಕೊಳ್ಳಿ. ಇಂಬಳ ಹತ್ತಿದ ಕಡೆ ಮುಟ್ಟಿಸಿದರೆ ತಾನಾಗಿ ಬಿಡುತ್ತದೆ. ಹಳಿಯ ಮೇಲೆ ನಡೆದು ದೂಧ್‌ಸಾಗರ ನೋಡುವ ಸಾಹಸ ಮಾತ್ರ ಬೇಡ. ಅದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. 2023ರ ಜುಲೈಯಲ್ಲಿ ಹಾಗೆ ಹೋದ ನೂರಾರು ಯುವಕರನ್ನು ರೈಲ್ವೆ ಪೊಲೀಸರು ತಡೆದು ಅಲ್ಲೇ ಬಸ್ಕಿ ಹೊಡೆಸಿದರು. ಜಲಪಾತ ರೈಲಿನ ಕಿಟಕಿಯಿಂದಲೇ ಚೆನ್ನಾಗಿ ಕಾಣುತ್ತದೆ. 300 ಮೀಟರಿಗೂ ಎತ್ತರದಿಂದ ಬೀಳುವ ನೀರಿನ ಹನಿ ಡಬ್ಬಿಯೊಳಗೂ ಸಿಡಿಯುತ್ತದೆ. ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಕಿಟಕಿಯಿಂದ ಎಸೆಯಬೇಡಿ. ಆಚೆ ಬಿದ್ದರೆ ಮಾಂಡವಿಗೆ, ಈಚೆ ಬಿದ್ದರೆ ಕಾಳಿಗೆ.

ಮುಂದಿನ ಸಲ ಈ ದಾರಿಯಲ್ಲಿ ಹೋಗುವಾಗ ಲೋಂಡಾ ದಾಟಿದ ಮೇಲೆ ಮಕ್ಕಳನ್ನು ನಿದ್ದೆಯಿಂದ ಎಬ್ಬಿಸಿ. ಕ್ಯಾಸಲ್‌ರಾಕ್‌ನಲ್ಲಿ ಗಾಡಿ ನಿಂತಾಗ ಹಿಂದಿನ ಇಂಜಿನ್ ಜೋಡಿಸುವುದನ್ನು ತೋರಿಸಿ. ಇಲ್ಲೊಮ್ಮೆ ಎರಡು ದೇಶಗಳ ಗಡಿ ಇತ್ತು ಎಂದು ಹೇಳಿ. ಅದು ಹೇಗೆ ಬಂತು, ಹೇಗೆ ಹೋಯಿತು ಎಂದು ಅವರೇ ಕೇಳುತ್ತಾರೆ. ಗಾಡಿ ಘಟ್ಟ ಇಳಿದು ಕುಳೆ ತಲುಪುವಷ್ಟರಲ್ಲಿ ಪೂರ್ತಿ ಹೇಳಿ ಮುಗಿಸಲು ನಿಮಗೆ ಸಮಯ ಸಿಗುತ್ತದೆ.